ಹಳೆ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕುವ ಕೈ

ರಾಯಚೂರು ಜಿಲ್ಲೆಯ ಮಾನ್ವಿ–ಸಿಂಧನೂರು ದಾರಿಯ ಪೋತ್ನಾಳದಂಥ ಊರಿನಲ್ಲಿ ಲ್ಯಾಪ್‌ಟಾಪ್ ದುಡಿಯುವ ಸಾಮಾನು. ಪಹಣಿ ತೆಗೆಯಲು, ಕಲ್ಯಾಣ ಕರ್ನಾಟಕದ 371(ಜೆ) ಮೀಸಲಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು, ಮದುವೆ ಕಾರ್ಡಿನ ಡಿಟಿಪಿಗೆ ಅದೇ ಬೇಕು. ಎಂಟು–ಹತ್ತು ವರ್ಷ ಹಳೆಯದಾದರೆ, ಆನ್ ಮಾಡಿ ಚಹಾ ಕುಡಿದು ಬಂದರೂ ಇನ್ನೂ ಎದ್ದಿರುವುದಿಲ್ಲ. ‘ಇದು ಮುಗೀತು, ಹೊಸಾದು ತಗೋರಿ’ ಎಂದುಬಿಡುವುದು ಸುಲಭ. ಆದರೆ ಬಹಳ ಸಲ ಆ ಮಾತು ತಪ್ಪು.

ಪ್ರೊಸೆಸರ್ ಸೋತಿರುವುದಿಲ್ಲ, ಹಾರ್ಡ್ ಡಿಸ್ಕಿಗಾಗಿ ಕಾದು ಕೂತಿರುತ್ತದೆ. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಕಡೆಗೆ ಓದುವ ಹೆಡ್ ಸರಿಯಬೇಕು, ಆ ಜಾಗ ತಿರುಗಿ ಅದರಡಿಗೆ ಬರಬೇಕು. ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಫೈಲು ಕೇಳುತ್ತದೆ, ಪ್ರತಿ ಸಲವೂ ಇದೇ ಓಡಾಟ. ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. 1987ರಲ್ಲಿ ತೋಷಿಬಾದ ಫುಜಿಯೊ ಮಸುವೋಕ ಮತ್ತು ಸಂಗಡಿಗರು ಲೋಕಕ್ಕೆ ತೋರಿಸಿದ ನ್ಯಾಂಡ್ ಫ್ಲ್ಯಾಶ್ ಚಿಪ್ಪುಗಳೇ ಅದರೊಳಗಿರುವುದು. ಬೇಕಾದದ್ದು ಮಿಲಿಸೆಕೆಂಡಿನ ಸುಮಾರು ಹತ್ತರಲ್ಲೊಂದು ಪಾಲಿನಲ್ಲಿ ಸಿಗುತ್ತದೆ.

ಪಳಗಿದ ಕೈ ಮೊದಲು ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ. ‘ಇದ್ರಾಗ ಏನೇನೈತ್ರಿ?’ ಎಂದು ಕೇಳುತ್ತದೆ. ನನಗೆ ಈ ಕಸುಬಿನ ಮೇಲೆ ಗೌರವ ಮೂಡುವುದೇ ಇಲ್ಲಿ. ಡಿಸ್ಕಿನ ಆರೋಗ್ಯ ನೋಡಿ, ಕೆಟ್ಟ ಜಾಗ (ಬ್ಯಾಡ್ ಸೆಕ್ಟರ್) ಕಂಡರೆ ಇಡೀ ಡಿಸ್ಕನ್ನು ಇದ್ದಂತೆಯೇ ನಕಲು (ಕ್ಲೋನ್) ಮಾಡುವ ಆಸೆ ಬಿಟ್ಟು, ಮುಖ್ಯವಾದ ಫೈಲುಗಳನ್ನು ಮೊದಲು ಬೇರೆಡೆ ಇಳಿಸಿಕೊಳ್ಳುತ್ತಾರೆ. ವಿಂಡೋಸ್ ಹೊಸದಾಗಿ ಹಾಕುವುದಾದರೆ ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ನೆನಪಿರಬೇಕು. ಹಳೆ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಕಾರ್ಡು, ಪತ್ರಗಳು ಆ ಫಾಂಟು ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಡಿಟಿಪಿಯವರ ವರ್ಷಗಳ ದುಡಿಮೆ ಅಲ್ಲಿರುತ್ತದೆ.

ಆಮೇಲೆ ಬಿಚ್ಚುವ ಕೆಲಸ. ಚಾರ್ಜರ್ ತೆಗೆದು, ಬ್ಯಾಟರಿ ಕಳಚಿ, ಪವರ್ ಬಟನ್ ಒತ್ತಿ ಹಿಡಿದು ಉಳಿದ ಕರೆಂಟು ಇಳಿಸುವುದು. ಸ್ಕ್ರೂಗಳೆಲ್ಲ ಒಂದೇ ಅಳತೆಯವಲ್ಲ. ಉದ್ದನೆಯದನ್ನು ಗಿಡ್ಡದರ ಜಾಗದಲ್ಲಿ ತಿರುವಿದರೆ ಮೇಲಿನ ಪ್ಲಾಸ್ಟಿಕ್ ಸೀಳುತ್ತದೆ. ಅದಕ್ಕೆ ಕಾಗದದ ಮೇಲೆ ಲ್ಯಾಪ್‌ಟಾಪಿನ ಆಕಾರ ಗೀಚಿ, ಯಾವುದು ಎಲ್ಲಿಯದೋ ಅಲ್ಲೇ ಇಡುತ್ತಾರೆ. ಮುಚ್ಚಳದ ಅಂಚಿನಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಕಾರ್ಡು ಓಡಿಸಿದರೆ ಲಾಕುಗಳು ಒಂದೊಂದಾಗಿ ಬಿಡುತ್ತವೆ. ಎಲ್ಲಾದರೂ ಬಿಡದಿದ್ದರೆ ಜೋರು ಮಾಡದೆ, ರಬ್ಬರ್ ಪಾದದಡಿ ಉಳಿದ ಸ್ಕ್ರೂ ಹುಡುಕುವುದು ಜಾಣತನ. ಒಳಗೆ ಫ್ಯಾನಿಗೆ ಮೆತ್ತಿದ ಧೂಳು ಕಾಣುತ್ತದೆ. ಭತ್ತದ ಸೀಮೆಯಲ್ಲಿ ಅದಕ್ಕೇನು ಕೊರತೆ? ತೆರೆದ ಮೇಲೆ ಅದನ್ನೂ ತೆಗೆಯುವವರೇ ಒಳ್ಳೆ ಕೆಲಸಗಾರರು. ಧೂಳು ಕಟ್ಟಿದ ಫ್ಯಾನಿಗೆ ರಾಯಚೂರಿನ ಬೇಸಿಗೆ ಸಣ್ಣದಲ್ಲ.

ಹಳೆ ಡಿಸ್ಕನ್ನು ಕನೆಕ್ಟರಿನಿಂದ ನೇರವಾಗಿ ಜಾರಿಸಿ, ಬ್ರಾಕೆಟ್ಟಿನ ನಾಲ್ಕು ಸ್ಕ್ರೂ ತೆಗೆದು, ಅದೇ ಬ್ರಾಕೆಟ್ಟಿಗೆ ಎಸ್‌ಎಸ್‌ಡಿ ಕೂರಿಸುತ್ತಾರೆ. ಹೊಸದು 7 ಮಿ.ಮೀ. ದಪ್ಪ, ಹಳೆಯದು 9.5 ಇದ್ದಲ್ಲಿ ನಡುವೆ ತೆಳು ಚೌಕಟ್ಟು ಇಟ್ಟರೆ ಅಲುಗಾಡುವುದಿಲ್ಲ.

ಇದರಿಂದ ಎಲ್ಲವೂ ಬಗೆಹರಿಯುತ್ತದೆ ಎಂದಲ್ಲ. ರ‍್ಯಾಮ್ 4 ಜಿಬಿ ಇದ್ದರೆ ಅದನ್ನೂ 8ಕ್ಕೆ ಏರಿಸುವುದು ಒಳ್ಳೆಯದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11 ಅನ್ನು ಒಪ್ಪದ ಯಂತ್ರಕ್ಕೆ ಲಿನಕ್ಸ್ ಇದೆ. ತೆಗೆದ ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿ ಮಾಲೀಕರ ಕೈಗೇ ಕೊಡಬೇಕು. ಎಲ್ಲ ಫೈಲೂ ಸಿಕ್ಕಿತೆಂದು ಅವರು ಹೇಳುವವರೆಗೆ ಅದನ್ನು ಫಾರ್ಮ್ಯಾಟ್ ಮಾಡಬಾರದು.