ಬೀಜದಿಂದ ಕಳ್ಳಿಯನ್ನು ಬೆಳೆಸಿ ಹೂ ಬಿಡಿಸುವುದು

ಹೂದೋಟವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಮಲ್ಲಿಗೆ, ಸೇವಂತಿಗೆ, ಗುಲಾಬಿಗಳೇ ಹೊರತು ಕಳ್ಳಿಯಲ್ಲ. ಕಳ್ಳಿಯು ಬೇಲಿಗೆ ತಕ್ಕದ್ದು, ಪಾಳುನೆಲಕ್ಕೆ ತಕ್ಕದ್ದು ಎಂಬ ಭಾವನೆಯೇ ನಮ್ಮಲ್ಲಿ ರೂಢವಾಗಿದೆ. ಆದರೆ ನಮ್ಮ ಶಾಲೆಯ ಜಗಲಿಯ ಮೇಲೆ ಸಾಲಾಗಿರುವ ಸಣ್ಣ ಕುಂಡಗಳನ್ನು ನೋಡಿದವರು, ಅವುಗಳಲ್ಲಿರುವ ದುಂಡನೆಯ ಗಿಡಗಳೆಲ್ಲವೂ ಇಲ್ಲಿಯೇ ಬೀಜದಿಂದ ಹುಟ್ಟಿದವೆಂದು ತಿಳಿದು ಆಶ್ಚರ್ಯಪಡುವುದುಂಟು. ಈ ಕೆಲಸವನ್ನು ಹೇಗೆ ಮಾಡಬೇಕು, ಯಾಕೆ ಮಾಡಬೇಕು ಎಂಬುದನ್ನು ನಮ್ಮ ವಿದ್ಯಾರ್ಥಿನಿಯರಿಗೂ ಇತರ ವಾಚಕರಿಗೂ ತಿಳಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಮೊದಲು ಕಳ್ಳಿಯೆಂದರೆ ಯಾವುದೆಂದು ತಿಳಿಯತಕ್ಕದ್ದು. ನಮ್ಮ ಹೊಲದ ಬೇಲಿಗಳಲ್ಲಿರುವ, ಮುರಿದರೆ ಬಿಳಿಯ ಹಾಲು ಸುರಿಯುವ ಕಳ್ಳಿಗಳು ಹರಳುಗಿಡದ ಬಂಧುಗಳು. ಇಲ್ಲಿ ಹೇಳುವುದು ಕ್ಯಾಕ್ಟಸ್ ಎಂಬ ಬೇರೊಂದು ಕುಟುಂಬದ ವಿಷಯ. ಇದರ ಮುಳ್ಳುಗಳು ಕಾಂಡದ ಮೇಲಿನ ಚಿಕ್ಕ ಚಿಕ್ಕ ಮೆತ್ತೆಗಳಿಂದ ಹೊರಡುವುವು. ಇದೇ ಅದರ ಗುರುತು. ಈ ಕುಟುಂಬದಲ್ಲಿ ಸುಮಾರು 1,500 ಜಾತಿಗಳುಂಟು. ಮರಗಳ ಮೇಲೆ ಬೆಳೆಯುವ ಒಂದು ಜಾತಿಯು ಆಫ್ರಿಕದಲ್ಲಿಯೂ ಸಿಂಹಳದಲ್ಲಿಯೂ ತಾನಾಗಿ ಬೆಳೆಯುವುದು. ಅದನ್ನು ಬಿಟ್ಟರೆ ಮಿಕ್ಕವೆಲ್ಲಕ್ಕೂ ಅಮೆರಿಕ ಖಂಡಗಳೇ ತವರು. ನಮ್ಮ ಪಾಪಾಸುಕಳ್ಳಿಯೂ ಅಲ್ಲಿಂದ ಬಂದದ್ದೇ. ಅದು ದಕ್ಷಿಣ ಹಿಂದೂಸ್ಥಾನದ ಹೊಲಗದ್ದೆಗಳನ್ನು ಆಕ್ರಮಿಸಿಕೊಂಡಾಗ, 1926ರಲ್ಲಿ ತರಿಸಿಬಿಟ್ಟ ಒಂದು ಸಣ್ಣ ಹುಳುವು ಅದನ್ನು ತಿಂದು ಹತೋಟಿಗೆ ತಂದಿತು. ನಮ್ಮ ಮನೆಗಳಲ್ಲಿ ಬ್ರಹ್ಮಕಮಲವೆಂದು ಕರೆಯಲ್ಪಟ್ಟು, ರಾತ್ರಿಯಲ್ಲಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುವ ಬಿಳಿಯ ಹೂವು ಸಹ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಒಂದು ಕಾಡುಕಳ್ಳಿಯದು. ಹಿಮಾಲಯದ ನಿಜವಾದ ಬ್ರಹ್ಮಕಮಲಕ್ಕೂ ಅದಕ್ಕೂ ಸಂಬಂಧವಿಲ್ಲ. ಹೀಗೆ ಕಳ್ಳಿಯ ಹೂವನ್ನು ಕಾಣುವುದಕ್ಕಾಗಿ ನಿದ್ದೆಗೆಟ್ಟು ಕುಳಿತವರು ನಮ್ಮಲ್ಲಿ ಅನೇಕರಿದ್ದಾರೆ. ಅದು ಕಳ್ಳಿಯೆಂಬುದು ಮಾತ್ರ ಅವರಿಗೆ ತಿಳಿಯದು.

ಈ ಗಿಡಗಳ ಜೀವನಕ್ರಮವು ಬಹು ವಿಚಿತ್ರವಾದದ್ದು. ಇತರ ಗಿಡಗಳು ಹಗಲಿನಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಗಾಳಿಯಿಂದ ತಮ್ಮ ಆಹಾರಕ್ಕೆ ಬೇಕಾದ ಇಂಗಾಲಾಮ್ಲವನ್ನು ಹೀರುವುವು. ಮರುಭೂಮಿಯಲ್ಲಿ ಹಾಗೆ ಮಾಡಿದರೆ ಒಡಲಿನ ನೀರೆಲ್ಲ ಆವಿಯಾಗಿ ಹೋಗುವುದು. ಆದಕಾರಣ ಕಳ್ಳಿಯು ರಾತ್ರಿಯ ತಂಪಿನಲ್ಲಿ ತನ್ನ ರಂಧ್ರಗಳನ್ನು ತೆರೆದು, ಹೀರಿದ್ದನ್ನು ಹುಳಿಯ ರೂಪದಲ್ಲಿ ಕೂಡಿಟ್ಟುಕೊಂಡು, ಮರುದಿನ ರಂಧ್ರಗಳನ್ನು ಮುಚ್ಚಿಕೊಂಡೇ ಬಿಸಿಲಿನ ಸಹಾಯದಿಂದ ಆಹಾರವನ್ನು ಸಿದ್ಧಪಡಿಸುವುದು. ಹೀಗೆ ಮಿತವಾಗಿ ಬಾಳುವುದರಿಂದಲೇ ಅದರ ಬೆಳವಣಿಗೆಯು ನಿಧಾನವಾಗಿರುವುದು.

ಇನ್ನು ಬೀಜ ಬಿತ್ತುವ ಕ್ರಮವನ್ನು ಹೇಳುವೆನು. ಹೊಸದಾಗಿ ಆರಂಭಿಸುವವರಿಗೆ ಮ್ಯಾಮಿಲ್ಲೇರಿಯ ಎಂಬ ಮೊಲೆಗಳ್ಳಿಯು ಅನುಕೂಲವಾದದ್ದು. ಅದು ಚಿಕ್ಕದಾಗಿಯೇ ಇದ್ದು, ಸಾಮಾನ್ಯವಾಗಿ ಮೂರು ನಾಲ್ಕು ವರುಷಗಳಲ್ಲಿ ಹೂ ಬಿಡುವುದು. ಎಲೆಗೊಬ್ಬರ, ದಪ್ಪ ಹೊಳೆಮರಳು, ಜರಡಿ ಹಿಡಿದ ಇಟ್ಟಿಗೆಚೂರು, ಇವನ್ನು ಸಮಪಾಲಾಗಿ ಬೆರಸಬೇಕು. ಸಮುದ್ರದ ಮರಳು ಉಪ್ಪಾದ್ದರಿಂದ ಕೂಡದು. ಈ ಮಣ್ಣನ್ನು ತಳದಲ್ಲಿ ತೂತುಳ್ಳ ಕುಂಡಕ್ಕೆ ತುಂಬಿ, ಕುದಿಯುವ ನೀರನ್ನು ಹೊಯ್ದು, ಆರಲು ಬಿಡಬೇಕು. ಬೀಜಗಳು ಗಸಗಸೆಯಂತೆ ಬಹು ಸಣ್ಣವು. ಅವನ್ನು ಮೇಲೆ ಉದುರಿಸಿದರೆ ಸಾಕು, ಹೂಳಬಾರದು. ಯಾಕಂದರೆ ಮೊಳೆಯುವುದಕ್ಕೆ ಅವಕ್ಕೆ ಬೆಳಕು ಬೇಕು. ಆ ಮೇಲೆ ಕುಂಡವನ್ನು ನೀರಿರುವ ತಟ್ಟೆಯಲ್ಲಿಟ್ಟು, ಮಣ್ಣು ಕೆಳಗಿನಿಂದ ತೇವವನ್ನು ಹೀರಿದ ತರುವಾಯ ತೆಗೆದು, ಬಾಯಿಗೆ ಗಾಜಿನ ತುಂಡನ್ನು ಮುಚ್ಚಿ, ನೇರವಾದ ಬಿಸಿಲು ಬೀಳದ ಬೆಳಕಿನ ಸ್ಥಳದಲ್ಲಿಡತಕ್ಕದ್ದು. ನಮ್ಮ ಸೀಮೆಯಲ್ಲಿ ಚಳಿ ಕಳೆದು ಬಿಸಿಲೇರುವ ಫೆಬ್ರವರಿ ತಿಂಗಳು ಇದಕ್ಕೆ ತಕ್ಕ ಕಾಲ. ಒಂದೆರಡು ವಾರಗಳಲ್ಲಿ ಹಸುರು ಮಣಿಗಳಂತಹ ಮೊಳಕೆಗಳು ಕಾಣುವುವು.

ನನ್ನ ಮೊದಲನೆಯ ಪ್ರಯತ್ನವು ಪೂರ್ತಿಯಾಗಿ ಕೆಟ್ಟುಹೋಯಿತೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮಣ್ಣಿಗೆ ಬಿಸಿನೀರು ಹೊಯ್ಯುವುದು ಅನಾವಶ್ಯಕವೆಂದು ನಾನು ಬಿಟ್ಟೆನು. ಮೊಳಕೆಗಳು ಬಂದಾಗ ಸಂತೋಷದಿಂದ ದಿನವೂ ಮೇಲಿನಿಂದ ನೀರು ಚಿಮುಕಿಸಿದೆನು. ಹತ್ತನೆಯ ದಿವಸ ಒಂದು ಮೂಲೆಯಲ್ಲಿ ಬಿಳಿಯ ಬೂಷ್ಟು ಕಂಡಿತು. ವಾರದೊಳಗೆ ಒಂದು ಮೊಳಕೆಯೂ ಉಳಿಯಲಿಲ್ಲ. ಎರಡನೆಯ ಸಲ ಎಂಟನೆಯ ತರಗತಿಯ ಕೆಲವು ಹುಡುಗಿಯರು ನನ್ನ ಸಂಗಡ ಸೇರಿಕೊಂಡರು. ಮೇಲೆ ಹೇಳಿದ ಕ್ರಮವನ್ನು ತಪ್ಪದೆ ನಡಿಸಿದೆವು, ಮೊಳಕೆಗಳು ಉಳಿದುಕೊಂಡವು.

ಮೊಳೆತ ಮೇಲೆ ಗಾಜನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸರಿಸಿ ಗಾಳಿಗೆ ಒಗ್ಗಿಸಬೇಕು. ಕಳ್ಳಿಗೆ ನೀರು ಬೇಡವೆಂಬ ಮಾತು ಶಿಶುಗಿಡಕ್ಕೆ ಸಲ್ಲುವುದಿಲ್ಲ; ಮೊದಲ ವರುಷದಲ್ಲಿ ಮಣ್ಣು ಪೂರ್ತಿಯಾಗಿ ಒಣಗಿದರೆ ಅದು ಸಾಯುವುದು. ಕಡಲೆಯಷ್ಟು ದಪ್ಪವಾದಾಗ ಅವನ್ನು ಬೇರೆ ಬೇರೆ ಕುಂಡಗಳಿಗೆ ಎತ್ತಿ ನೆಡಬಹುದು. ನೆಟ್ಟ ಕೂಡಲೇ ನೀರೆರೆಯದೆ, ಬೇರಿನ ಗಾಯವು ಮಾಯಲು ಒಂದು ವಾರ ಬಿಡಬೇಕು. ಮಳೆಗಾಲದಲ್ಲಿ ಸೂರಿನ ಕೆಳಗಿಡುವುದು ಅವಶ್ಯ.

ಹೂ ಬಿಡಿಸುವ ಗುಟ್ಟು ನೀರೆರೆಯುವುದರಲ್ಲಿಲ್ಲ, ನೀರನ್ನು ತಡೆಯುವುದರಲ್ಲಿದೆ. ಬೆಳೆದ ಗಿಡಕ್ಕೆ ನವೆಂಬರಿನ ನಡುವಿನಿಂದ ಜನವರಿಯ ಕಡೆಯವರೆಗೆ ನೀರನ್ನು ನಿಲ್ಲಿಸಿ, ಬೆಳಕೂ ರಾತ್ರಿಯ ತಂಪೂ ಚೆನ್ನಾಗಿ ತಗಲುವಂತೆ ಇಡತಕ್ಕದ್ದು. ಗಿಡವು ಕೊಂಚ ಸುಕ್ಕಾಗುವುದು, ಅದಕ್ಕೆ ಭಯಪಡಬೇಕಾಗಿಲ್ಲ. ಈ ವಿಶ್ರಾಂತಿಯ ನಂತರ ನೀರು ಕೊಟ್ಟರೆ ಮೊಗ್ಗುಗಳು ಹೊರಡುವುವು. ನಮ್ಮ ಹುಡುಗಿಯರಲ್ಲಿ ಒಬ್ಬಳು ಸುಕ್ಕಾದ ಗಿಡಗಳನ್ನು ಕಂಡು ಕನಿಕರಪಟ್ಟು, ತನ್ನ ಪಾಲಿನ ಎರಡು ಕುಂಡಗಳಿಗೆ ಚಳಿಗಾಲವೆಲ್ಲ ಗುಟ್ಟಾಗಿ ನೀರೆರೆದಳು. ಆ ಎರಡೂ ಗಿಡಗಳು ಇತರ ಗಿಡಗಳಿಗಿಂತ ಎತ್ತರವಾಗಿ, ಮೆತ್ತಗಾಗಿ ಬೆಳೆದವು. ಆದರೆ ಉಳಿದವು ಹೂ ಬಿಟ್ಟ ವರುಷ ಅವು ಬಿಡಲಿಲ್ಲ.

ಅಂಗಡಿಯಲ್ಲಿ ದೊಡ್ಡ ಗಿಡವೇ ಸಿಕ್ಕುವಾಗ ಇಷ್ಟು ಶ್ರಮವೇಕೆಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವಾಗಿ ಅಮೆರಿಕದ ಸೊನೋರ ಮರುಭೂಮಿಯ ಸಗ್ವಾರೊ ಎಂಬ ಮಹಾಕಳ್ಳಿಯನ್ನು ನೋಡಿರಿ. ಅದು ಮುಂದೆ 40 ಅಡಿಗಳಿಗೂ ಮಿಕ್ಕು ಬೆಳೆಯಬಲ್ಲದಾದರೂ, ಮೊದಲ ಎಂಟು ವರುಷಗಳಲ್ಲಿ ಬೆಳೆಯುವುದು ಒಂದು ಒಂದೂವರೆ ಅಂಗುಲ ಮಾತ್ರ. ಮೊದಲನೆಯ ಹೂವಿಗೆ ಸುಮಾರು 35 ವರುಷಗಳಾದರೂ ಬೇಕು. ಇಂತಹ ಗಿಡವನ್ನು ಕಿತ್ತು ಮಾರುವವನು ಒಂದು ಗಳಿಗೆಯಲ್ಲಿ ಒಂದು ತಲೆಮಾರಿನ ಬೆಳೆಯನ್ನು ಅಪಹರಿಸುತ್ತಾನೆ. 2015ರಲ್ಲಿ ಪ್ರಕಟವಾದ ಒಂದು ಜಾಗತಿಕ ಪರೀಕ್ಷೆಯಲ್ಲಿ 1,478 ಜಾತಿಗಳನ್ನು ಪರಿಶೀಲಿಸಲಾಗಿ, ನೂರಕ್ಕೆ 31 ಜಾತಿಗಳು ನಾಶದ ಅಪಾಯದಲ್ಲಿವೆ ಎಂದು ಕಂಡುಬಂದಿತು. ಹೊಲಗಳೂ ಊರುಗಳೂ ಹಬ್ಬುವುದು ಇದಕ್ಕೆ ಒಂದು ಕಾರಣ. ಕುಂಡಗಳಲ್ಲಿ ಸಾಕುವ ಆಸೆಗಾಗಿ ಕಾಡಿನಿಂದ ಕಿತ್ತು ತರುವುದು ಇನ್ನೊಂದು. ಕಳ್ಳಿಯನ್ನು ಪ್ರೀತಿಸುವವರಿಂದಲೇ ಕಳ್ಳಿಗೆ ಹಾನಿಯುಂಟಾಗುವುದು ವ್ಯಸನಕರವಲ್ಲವೇ? 1975ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಒಪ್ಪಂದವೊಂದು ಈ ಕುಟುಂಬದ ವ್ಯಾಪಾರವನ್ನು ಹತೋಟಿಯಲ್ಲಿಟ್ಟಿದೆ. ಆದರೂ ಕೊಳ್ಳುವವರಿರುವ ತನಕ ಕಳುವಿದ್ದೇ ಇರುವುದು. ಬೀಜದಿಂದ ಬೆಳೆಸುವವನು ಮಾತ್ರ ಯಾವ ಬೆಟ್ಟವನ್ನೂ ಬರಿದುಮಾಡುವುದಿಲ್ಲ.

ಅಲ್ಲದೆ ತನ್ನ ಗಿಡದಿಂದಲೇ ಮುಂದಿನ ಬೀಜವನ್ನು ಪಡೆಯಬಹುದು. ಅನೇಕ ಕಳ್ಳಿಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಆದದರಿಂದ ಒಂದೇ ಜಾತಿಯ ಎರಡು ಗಿಡಗಳು ಕೂಡಿ ಅರಳಿದಾಗ, ಮೆತ್ತನೆಯ ಕುಂಚದಿಂದ ಒಂದರ ಪರಾಗವನ್ನು ಮತ್ತೊಂದಕ್ಕೆ ಮುಟ್ಟಿಸಬೇಕು. ಕೆಲವು ತಿಂಗಳ ಮೇಲೆ ಪುಟ್ಟ ಕೆಂಪು ಮೆಣಸಿನಕಾಯಿಯಂತಹ ಹಣ್ಣುಗಳು ಹೊರಗೆ ಬರುವುವು; ಅವುಗಳೊಳಗೆ ಬೀಜಗಳಿರುವುವು.

ನಮ್ಮ ಗಿಡಗಳು ಹೂ ಬಿಟ್ಟದ್ದು ನಾಲ್ಕನೆಯ ಬೇಸಿಗೆಯಲ್ಲಿ. ನೆತ್ತಿಯ ಸುತ್ತಲೂ ಗುಲಾಬಿ ಬಣ್ಣದ ಸಣ್ಣ ಹೂಗಳು ಕಿರೀಟದಂತೆ ನಿಂತವು. ಬಿತ್ತಿದ ಹುಡುಗಿಯರು ಹತ್ತನೆಯ ತರಗತಿಯನ್ನು ಮುಗಿಸಿ ಹೋಗಿ ಆಗಲೇ ಒಂದು ವರುಷವಾಗಿತ್ತು. ಸುದ್ದಿ ಕೇಳಿ ಅವರಲ್ಲಿ ಒಬ್ಬಳು ಒಂದು ಶನಿವಾರ ಬಂದಳು. ಚಳಿಗಾಲದಲ್ಲಿ ನೀರೆರೆದವಳೇ ಅವಳು. "ನನ್ನ ಕುಂಡ ಯಾವುದು, ಟೀಚರ್?" ಎಂದಳು. ಹೂವಿಲ್ಲದ ಎರಡನ್ನು ತೋರಿಸಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ಚಳಿಗಾಲದಲ್ಲಿ ಇವಕ್ಕೆ ಯಾರೂ ನೀರು ಹಾಕದಂತೆ ನೋಡಿಕೊಳ್ಳಿರಿ" ಎಂದು ಹೇಳಿ ಹೋದಳು. ಹಾಗೆಯೇ ನೋಡಿಕೊಂಡೆವು. ಮರುವರುಷ ಅವೆರಡೂ ಹೂ ಬಿಟ್ಟವು.

ಈಗ ಆ ಹೂಗಳ ಬೀಜವು ಒಂದು ಕಾಗದದ ಪೊಟ್ಟಣದಲ್ಲಿ ನಮ್ಮ ಬಳಿ ಇದೆ. ಬರುವ ಫೆಬ್ರವರಿಯಲ್ಲಿ ಬಿತ್ತಲು ಇಚ್ಛೆಯುಳ್ಳ ಎಂಟನೆಯ ತರಗತಿಯ ವಿದ್ಯಾರ್ಥಿನಿಯರು ಬಂದು ಕೇಳಬಹುದು.