ಲಕ್ಷಾಧೀಶರ ಕ್ಲಬ್ಬಿನಿಂದ ಹೊರಟ ಕರೆ: ಸಿಂಗಾಪುರದ ಒಂದು ಕಟ್ಟಡದ ರಾಜಕೀಯ

ಸಿಂಗಾಪುರದ ಚೈನಾಟೌನ್ ಅಂಚಿನಲ್ಲಿ ಬುಕಿತ್ ಪಾಸೋ ಅನ್ನೋ ರಸ್ತೆ ಇದೆ. ಈಗ ಅಲ್ಲಿ ದುಬಾರಿ ಹೋಟೆಲ್, ರೆಸ್ಟೋರೆಂಟ್‌ಗಳದ್ದೇ ಕಾರುಬಾರು. ಅವುಗಳ ನಡುವೆ 43ನೇ ನಂಬರಿನಲ್ಲಿ ಈಹೋಹಿಯನ್ ಕ್ಲಬ್ ಇನ್ನೂ ಉಳಿದಿದೆ. ಚೀನೀ ವರ್ತಕರು 1895ರಲ್ಲಿ ಕಟ್ಟಿಕೊಂಡ ಈ ಕ್ಲಬ್ 1925ರಲ್ಲಿ ಬುಕಿತ್ ಪಾಸೋಗೆ ಬಂತು. ಊರಿನ ಜನ ಇದಕ್ಕಿಟ್ಟ ಹೆಸರು 'ಲಕ್ಷಾಧೀಶರ ಕ್ಲಬ್'.

ದುಡ್ಡಿದ್ದವರು ಕೂತು ಹರಟುತ್ತಿದ್ದ ಜಾಗವನ್ನು ಪರಂಪರೆ ಅಂತ ಯಾಕೆ ಕಾಪಾಡಬೇಕು? ಪ್ರಶ್ನೆ ನ್ಯಾಯವಾದದ್ದೇ.

ಆಗಿನ ಸಿಂಗಾಪುರ ಬ್ರಿಟಿಷರ ವಸಾಹತು. ಬಿಳಿಯರ ಕ್ಲಬ್ಬುಗಳಲ್ಲಿ ಏಷ್ಯಾದವರಿಗೆ, ಎಷ್ಟೇ ಹಣವಿರಲಿ, ಜಾಗವಿರಲಿಲ್ಲ. ಇತ್ತ ವಲಸೆ ಬಂದ ಚೀನೀಯರೂ ಒಂದಾಗಿರಲಿಲ್ಲ. ಹೊಕ್ಕಿಯನ್, ತಿಯೋಚ್ಯೂ, ಕ್ಯಾಂಟನೀಸ್, ಹಕ್ಕಾ ಅಂತ ಆಡುವ ಮಾತಿನ ಮೇಲೆ ಗುಂಪುಗಳು, ಪ್ರತಿ ಗುಂಪಿಗೂ ಬೇರೆ ಸಂಘ. ಕೆಲಸ ಹುಡುಕಿಕೊಡೋದರಿಂದ ಹಿಡಿದು ಹೆಣಕ್ಕೆ ಹೆಗಲು ಕೊಡೋವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದದ್ದು ಈ ಸಂಘಗಳೇ. ಈಹೋಹಿಯನ್ ಮುಖ್ಯವಾಗಿ ಹೊಕ್ಕಿಯನ್ ವರ್ತಕರದ್ದು. 1923ರಲ್ಲಿ ರಬ್ಬರ್ ಉದ್ಯಮಿ ತಾನ್ ಕಾ ಕೀ ಅಧ್ಯಕ್ಷರಾದ ಮೇಲೆ ಉಳಿದ ಗುಂಪಿನವರಿಗೂ ಬಾಗಿಲು ತೆರೆಯಿತು, ಒಂದು ಗ್ರಂಥಾಲಯವೂ ಬಂತು.

1937ರಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಯುದ್ಧಕ್ಕಿಳಿಯಿತು. ಮರುವರ್ಷ, 1938ರ ಅಕ್ಟೋಬರ್‌ನಲ್ಲಿ, ಆಗ್ನೇಯ ಏಷ್ಯಾದ ಉದ್ದಗಲಕ್ಕೂ ಇದ್ದ ಚೀನೀ ಪರಿಹಾರ ನಿಧಿಗಳು ಒಂದೇ ಒಕ್ಕೂಟವಾದವು. ಅದರ ಕಚೇರಿ ಈ ಕ್ಲಬ್ಬು. ಶಸ್ತ್ರಕ್ಕೆ ಹಣ ಎತ್ತಬಾರದು ಅನ್ನೋದು ಬ್ರಿಟಿಷರ ಷರತ್ತು, ಹಾಗಾಗಿ ಹೆಸರು 'ಪರಿಹಾರ'. ದುಡ್ಡು ಸಾಹುಕಾರರಿಂದ ಮಾತ್ರ ಬರಲಿಲ್ಲ. ಬೀದಿ ವ್ಯಾಪಾರಿಗಳು, ರಿಕ್ಷಾ ಎಳೆಯುವವರು, ಶಾಲಾ ಮಕ್ಕಳೂ ಕೊಟ್ಟರು. (ಅದೇ 1938ರಲ್ಲಿ ಸುಭಾಷ್ ಚಂದ್ರ ಬೋಸ್ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಡಾ. ಕೋಟ್ನಿಸ್ ಸೇರಿ ಐವರು ವೈದ್ಯರನ್ನು ಚೀನಾಕ್ಕೆ ಕಳಿಸಿತ್ತು. ಇವತ್ತು ಗಡಿ ಜಗಳದ ಸುದ್ದಿಯಲ್ಲೇ ಚೀನಾವನ್ನು ಕಾಣುವ ನಮಗೆ ಇದು ವಿಚಿತ್ರ ಅನಿಸಬಹುದು.)

1939ರಲ್ಲಿ ತಾನ್ ಇನ್ನೊಂದು ಕರೆ ಕೊಟ್ಟರು: ಬರ್ಮಾ ರಸ್ತೆಯಲ್ಲಿ ಲಾರಿ ಓಡಿಸೋಕೆ, ರಿಪೇರಿ ಮಾಡೋಕೆ ಜನ ಬೇಕು. ಕರಾವಳಿಯ ಬಂದರುಗಳು ಜಪಾನ್ ಕೈಗೆ ಹೋದ ಮೇಲೆ ಚೀನಾಕ್ಕೆ ಸರಕು ಸಾಗುತ್ತಿದ್ದ ದೊಡ್ಡ ದಾರಿಗಳಲ್ಲಿ ಅದೊಂದು. 3,000ಕ್ಕೂ ಹೆಚ್ಚು ಚಾಲಕರು, ಮೆಕ್ಯಾನಿಕ್‌ಗಳು ಹೋದರು. ಬಾಂಬು, ಮಲೇರಿಯಾ, ಕಣಿವೆಗೆ ಉರುಳಿದ ಲಾರಿಗಳು. ಬಹಳ ಮಂದಿ ವಾಪಸ್ ಬರಲಿಲ್ಲ.

1942ರ ಫೆಬ್ರವರಿಯಲ್ಲಿ ಸಿಂಗಾಪುರವೇ ಜಪಾನ್ ವಶವಾಯಿತು. ಚೀನೀ ಗಂಡಸರನ್ನು ಸಾಲಾಗಿ ನಿಲ್ಲಿಸಿ, ಆರಿಸಿ, ಕೊಂದರು. ಜಪಾನ್ ಒಪ್ಪಿಕೊಂಡ ಲೆಕ್ಕ ಸುಮಾರು 5,000, ಸಿಂಗಾಪುರದವರು ಹೇಳೋದು ಅದರ ಹಲವು ಪಟ್ಟು. ಪರಿಹಾರ ನಿಧಿಗೆ ಓಡಾಡಿದವರು ಹಂತಕರ ಪಟ್ಟಿಯಲ್ಲಿದ್ದರು. ತಾನ್ ಜಾವಾಕ್ಕೆ ತಪ್ಪಿಸಿಕೊಂಡು, ಯುದ್ಧ ಮುಗಿಯೋವರೆಗೆ ಬಚ್ಚಿಟ್ಟುಕೊಂಡೇ ಬದುಕಿದರು.

ಮುಂದಿನ ಕತೆ ಯಾರಿಗೂ ಅನುಕೂಲಕರವಲ್ಲ. 1940ರಲ್ಲೇ ಚೀನಾ ಸುತ್ತಿ, ಚೋಂಗ್‌ಕಿಂಗ್‌ನ ಭ್ರಷ್ಟಾಚಾರವನ್ನೂ ಯೆನಾನ್‌ನ ಸರಳತೆಯನ್ನೂ ಕಂಡಿದ್ದ ತಾನ್, ಯುದ್ಧದ ನಂತರ ಮಾವೋ ಪರ ನಿಂತರು. ಕಮ್ಯುನಿಸ್ಟರನ್ನು ಹತ್ತಿಕ್ಕುತ್ತಿದ್ದ ಬ್ರಿಟಿಷರಿಗೆ ಅವರು ಅನುಮಾನದ ವ್ಯಕ್ತಿ. 1950ರಲ್ಲಿ ಚೀನಾಕ್ಕೆ ಹೊರಟವರು ಸಿಂಗಾಪುರಕ್ಕೆ ಮರಳಲೇ ಇಲ್ಲ. 1961ರಲ್ಲಿ ಬೀಜಿಂಗ್‌ನಲ್ಲಿ ತೀರಿಕೊಂಡರು. 2015ರಲ್ಲಿ ಅದೇ ಸಿಂಗಾಪುರದಲ್ಲಿ ಅವರ ಹೆಸರು ಹೊತ್ತ ಒಂದು ಮೆಟ್ರೋ ನಿಲ್ದಾಣ ತೆರೆಯಿತು. ಆ ಹೊತ್ತಿಗೆ ಅವರಿಂದ ಯಾರಿಗೂ ಅಪಾಯವಿರಲಿಲ್ಲ.

ಬುಕಿತ್ ಪಾಸೋ 1989ರಿಂದ ಸಂರಕ್ಷಿತ ಪ್ರದೇಶ. ಅಲ್ಲಿನ ನಿಯಮ ಕಾಯುವುದು ಮುಂಭಾಗ, ಕಿಟಕಿ, ಚಾವಣಿಗಳನ್ನು. ಒಳಗೆ ಯಾರಿರಬೇಕು ಅನ್ನೋದನ್ನು ಬಾಡಿಗೆ ತೀರ್ಮಾನಿಸುತ್ತೆ. ಹೀಗಾಗಿ ಒಂದಷ್ಟು ಸಂಘದ ಮನೆಗಳ ಗೋಡೆ ಉಳಿದಿದೆ, ಸಂಘ ಇಲ್ಲ. ಈಹೋಹಿಯನ್ ಮಾತ್ರ ತನ್ನ ಜಾಗ ಬಿಡದೆ, ನೆಲಮಹಡಿಯನ್ನು ಹಿರಿಯರ ಸ್ಮಾರಕ ಗ್ಯಾಲರಿ ಮಾಡಿಕೊಂಡಿದೆ. ನನಗೆ ಮುಖ್ಯ ಅನಿಸೋದು ಇದೇ, ಬಣ್ಣ ಬಳಿದ ಕಿಟಕಿಗಳಲ್ಲ. ಆದರೆ 'ಹಿರಿಯರು' ಅಂದಾಗ ಅಧ್ಯಕ್ಷರ ಮುಖ ಸುಲಭವಾಗಿ ನೆನಪಾಗುತ್ತೆ. ಲಾರಿ ಹತ್ತಿ ಹೋದವರಿಗೆ, ನಾಲ್ಕು ಕಾಸು ಕೊಟ್ಟ ರಿಕ್ಷಾದವರಿಗೆ ಆ ಕ್ಲಬ್ಬಿನ ಸದಸ್ಯತ್ವ ಯಾವತ್ತೂ ಇರಲಿಲ್ಲ.