ನಲವತ್ತೊಂಬತ್ತಕ್ಕೆ ಯಾರನ್ನು ಬೈಯೋಣ?

2013ರ ಏಪ್ರಿಲ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಐಪಿಎಲ್ ಪಂದ್ಯದಲ್ಲಿ ಆರ್‌ಸಿಬಿ 20 ಓವರಿಗೆ 263 ರನ್ ಬಾರಿಸಿತು. ಕ್ರಿಸ್ ಗೇಲ್ ಒಬ್ಬರದೇ ಔಟಾಗದೆ 175. ಸರಿಯಾಗಿ ನಾಲ್ಕು ವರ್ಷದ ಮೇಲೆ, 2017ರ ಏಪ್ರಿಲ್ 23ರಂದು, ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಅದೇ ಆರ್‌ಸಿಬಿ 49ಕ್ಕೆ ಆಲೌಟ್ ಆಯಿತು. ಗೆಲ್ಲಲು ಬೇಕಿದ್ದದ್ದು ಬರೀ 132. ಗೇಲ್, ವಿರಾಟ್ ಕೊಹ್ಲಿ, ಎ.ಬಿ. ಡಿವಿಲಿಯರ್ಸ್ ಮೂವರೂ ಆ ಹನ್ನೊಂದರಲ್ಲಿದ್ದರು. ಒಬ್ಬರೂ ಎರಡಂಕಿ ಮುಟ್ಟಲಿಲ್ಲ, ಹತ್ತು ಓವರೂ ತುಂಬಲಿಲ್ಲ.

ಇಂಥ ಸೋಲಿನ ಮರುದಿನ ನಮ್ಮ ಚಿಕ್ಕಮಗಳೂರು ಜಿಲ್ಲೆಯ ವಸ್ತಾರೆಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಎರಡು ಪಕ್ಷಗಳು ಹುಟ್ಟುತ್ತವೆ. ಒಂದರ ಪ್ರಕಾರ ಆಟಗಾರರಲ್ಲಿ ಸರಕಿಲ್ಲ, ಹೆಸರಷ್ಟೇ ದೊಡ್ಡದು. ಇನ್ನೊಂದರ ಪ್ರಕಾರ ಸರಕು ಬೇಕಾದಷ್ಟಿದೆ, ಕೋಚ್‌ಗೆ ಆಡಿಸಲು ಬರುವುದಿಲ್ಲ. ಜಗಳ ನಮ್ಮಲ್ಲಿ ಮಾತ್ರ ನಡೆಯುವುದಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ದಾಳಿ ವಿಭಾಗಕ್ಕೆಂದೇ ಪ್ರತ್ಯೇಕ ಕೋಚ್ ಇರುತ್ತಾರೆ. ಅಂಕ ಬರದಿದ್ದರೆ ಅನೇಕ ಸಲ ಮೊದಲು ಕೆಲಸ ಕಳೆದುಕೊಳ್ಳುವವರು ಅವರೇ. ಸಂಖ್ಯಾಶಾಸ್ತ್ರಜ್ಞರು ಮತ್ತು ಮನೋವಿಜ್ಞಾನಿಗಳು ಈ ಜಗಳಕ್ಕೆ ಕೈಹಾಕಿದಾಗ ಕಂಡದ್ದು, ಎರಡೂ ಪಕ್ಷದವರು ಲೆಕ್ಕಕ್ಕೇ ತೆಗೆದುಕೊಳ್ಳದ ಮೂರನೆಯ ಕಾರಣವೊಂದಿದೆ ಎಂಬುದು. ಅದು ಅದೃಷ್ಟ. ಜಾತಕದ ಅದೃಷ್ಟವಲ್ಲ, ಲೆಕ್ಕಕ್ಕೆ ಸಿಗುವ ಅದೃಷ್ಟ.

ಆರ್‌ಸಿಬಿಯ 2016 ಮತ್ತು 2017ರ ಸೀಸನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡು ವರ್ಷವೂ ಕೋಚ್ ಡೇನಿಯಲ್ ವೆಟೋರಿ, ನಾಯಕ ಕೊಹ್ಲಿ, ಬ್ಯಾಟಿಂಗ್‌ನ ದೊಡ್ಡ ಹೆಸರುಗಳೂ ಹೆಚ್ಚುಕಮ್ಮಿ ಅವೇ. 2016ರಲ್ಲಿ ಕೊಹ್ಲಿ 973, ಡಿವಿಲಿಯರ್ಸ್ 687 ರನ್ ಗಳಿಸಿದರು. ತಂಡ ಫೈನಲ್ ಮುಟ್ಟಿ ಸನ್‌ರೈಸರ್ಸ್ ಎದುರು 8 ರನ್‌ಗಳಿಂದ ಸೋತಿತು. 2017ರಲ್ಲಿ 14 ಲೀಗ್ ಪಂದ್ಯಗಳಲ್ಲಿ ಗೆದ್ದದ್ದು ಮೂರೇ; ತಂಡ ಕಟ್ಟಕಡೆಗೆ ನಿಂತಿತು. ಕೆ.ಎಲ್. ರಾಹುಲ್ ಭುಜದ ಗಾಯದಿಂದ ಇಡೀ ಸೀಸನ್ ಆಡಲಿಲ್ಲ, ಕೊಹ್ಲಿಗೂ ಮೊದಲ ಕೆಲವು ಪಂದ್ಯ ತಪ್ಪಿತು ಎಂಬುದು ನಿಜ. ಆದರೂ ಒಂದೇ ವರ್ಷದಲ್ಲಿ ವೆಟೋರಿ ಕಲಿಸುವುದನ್ನು ಮರೆತರೇ, ಡಿವಿಲಿಯರ್ಸ್ ಆಡುವುದನ್ನು ಮರೆತರೇ ಎಂದು ಕೇಳಬೇಕಾಗುತ್ತದೆ.

2016ರ ಸೀಸನ್ನಿನ ಒಳಗೇ ಇದಕ್ಕಿಂತ ಒಳ್ಳೆಯ ಪುರಾವೆ ಇದೆ. ಆ ವರ್ಷ ಮೊದಲ ಏಳು ಪಂದ್ಯಗಳಲ್ಲಿ ಆರ್‌ಸಿಬಿ ಗೆದ್ದದ್ದು ಎರಡು, ನಂತರದ ಏಳರಲ್ಲಿ ಆರು. ಆ ಆರರಲ್ಲಿ ಒಂದು, ಮೊಹಾಲಿಯಲ್ಲಿ ಪಂಜಾಬ್ ಎದುರು ಸಿಕ್ಕ ಒಂದು ರನ್ನಿನ ಗೆಲುವು. ಏಳನೆಯ ಪಂದ್ಯದ ರಾತ್ರಿ ಸಿಟ್ಟಿಗೆ ಕೋಚ್‌ನನ್ನು ಕಳಿಸಿ ಹೊಸಬರನ್ನು ತಂದಿದ್ದರೆ, ಮುಂದಿನ ಆರು ಗೆಲುವಿನ ಹಾರ ಆ ಹೊಸಬರ ಕೊರಳಿಗೆ ಬೀಳುತ್ತಿತ್ತು.

ಈಗ ಸ್ವಲ್ಪ ಗಣಿತ. ಒಂದು ತಂಡ ಎಲ್ಲರಿಗೂ ಸರಿಸಮ, ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದ ಹಾಗೆ ಎಂದಿಟ್ಟುಕೊಳ್ಳಿ. ಅಂಥ ತಂಡ 14 ಪಂದ್ಯಗಳಲ್ಲಿ ಎಂಟು ಅಥವಾ ಹೆಚ್ಚು ಗೆಲ್ಲುವ ಸಾಧ್ಯತೆ ಶೇಕಡ 40ರ ಹತ್ತಿರ. 2016ರಲ್ಲಿ ಆರ್‌ಸಿಬಿ ಲೀಗ್ ಹಂತದಲ್ಲಿ ಗೆದ್ದದ್ದೂ ಎಂಟೇ. ಮೂರು ಅಥವಾ ಅದಕ್ಕಿಂತ ಕಡಿಮೆ ಗೆಲ್ಲುವ ಸಾಧ್ಯತೆ ಶೇಕಡ 3ಕ್ಕೆ ಸಮೀಪ. ಇದು ಅಪರೂಪವೆನಿಸಬಹುದು. ಆದರೆ ಆಗ ಲೀಗ್‌ನಲ್ಲಿದ್ದ ಎಂಟೂ ತಂಡ ಸರಿಸಮ ಎಂದುಕೊಂಡರೆ, ಅವುಗಳಲ್ಲಿ ಯಾವುದಾದರೂ ಒಂದು ಹಾಗೆ ನೆಲಕಚ್ಚುವ ಸಾಧ್ಯತೆ ಐದರಲ್ಲಿ ಒಂದರಷ್ಟಾಗುತ್ತದೆ. ಅಂದರೆ ಯಾರ ತಪ್ಪೂ ಇಲ್ಲದೆ, ಐದಾರು ಸೀಸನ್ನಿಗೊಮ್ಮೆ ಯಾರಾದರೊಬ್ಬರ ಮಾನ ಹೋಗಲೇಬೇಕು. 2017ರ ಆರ್‌ಸಿಬಿಗೆ ತಪ್ಪುಗಳೇ ಇರಲಿಲ್ಲ ಎಂದು ಇದರರ್ಥವಲ್ಲ. ತಪ್ಪಿನ ಜೊತೆ ಅದೃಷ್ಟವೂ ಸೇರಿಕೊಂಡಾಗ ಸೋಲು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಎಂದಷ್ಟೆ.

ವಿಪರೀತ ಫಲಿತಾಂಶದ ನಂತರ ಸಾಮಾನ್ಯವಾದದ್ದು ಬರುವ ಈ ಗುಣವನ್ನು ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 19ನೆಯ ಶತಮಾನದಲ್ಲೇ ಗುರುತಿಸಿದ್ದ. ಅದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. ಮನೋವಿಜ್ಞಾನಿ ಡೇನಿಯಲ್ ಕಾನಮನ್‌ಗೆ ಇದು ಹೊಳೆದದ್ದು ಇಸ್ರೇಲಿನ ವಾಯುಪಡೆಯ ತರಬೇತುದಾರರ ಮಾತಿನಿಂದ. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಸುಧಾರಿಸುತ್ತಾನೆ ಎಂದು ಅವರು ನಂಬಿದ್ದರು. ಹೊಗಳದೆ, ಬೈಯದೆ ಇದ್ದರೂ ಆಗುತ್ತಿದ್ದದ್ದು ಅದೇ. ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೂಮಳೆ ಕೈಕೊಟ್ಟ ವರ್ಷ ಫಸಲು ಬೀಳುತ್ತದೆ. ಸಾಹುಕಾರರು ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನು ಬಿಡಿಸುತ್ತಾರೆ. ಮರುವರ್ಷ ಹೂಮಳೆಯೂ ಅದರ ಬೆನ್ನಿಗೆ ಬರುವ ಮಳೆಯೂ ಹದವಾಗಿ ಬಿದ್ದರೆ ಕೀರ್ತಿಯೆಲ್ಲ ಹೊಸ ರೈಟರಿಗೆ. ಚಿಗುರು ತೆಗೆಸುವುದು, ಗೊಬ್ಬರ ಹಾಕಿಸುವುದು ರೈಟರ ಕೈಯಲ್ಲಿತ್ತು, ಮಳೆ ಇರಲಿಲ್ಲ.

ಕೋಚ್ ಬದಲಾವಣೆಯ ಅಧ್ಯಯನಗಳು ಹೇಳುವುದೂ ಇದನ್ನೇ. ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ 1986ರಿಂದ 2004ರವರೆಗಿನ ಡಚ್ ಫುಟ್‌ಬಾಲ್ ಲೀಗನ್ನು ಪರಿಶೀಲಿಸಿದರು. ಕೋಚ್‌ನನ್ನು ತೆಗೆದ ತಂಡಗಳು ಸುಧಾರಿಸಿಕೊಂಡಿದ್ದವು, ಸರಿ. ಆದರೆ ಅಷ್ಟೇ ಕೆಳಗಿಳಿದೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳೂ ಅದೇ ರೀತಿ ಸುಧಾರಿಸಿದ್ದವು. ಅಮೆರಿಕದ ಕಾಲೇಜು ಫುಟ್‌ಬಾಲ್ ಕುರಿತು ಆಡ್ಲರ್, ಬೆರ್ರಿ, ಡೊಹರ್ಟಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ನಿಷ್ಠುರವಾಗಿದೆ. ತೀರ ಕಳಪೆ ತಂಡಗಳಿಗೆ ಹೊಸ ಕೋಚ್‌ನಿಂದ ಹೇಳಿಕೊಳ್ಳುವ ಲಾಭವಾಗಲಿಲ್ಲ. ಮಧ್ಯಮ ಮಟ್ಟದ ತಂಡಗಳು, ಕೋಚ್‌ನನ್ನು ಉಳಿಸಿಕೊಂಡ ಅಂಥವೇ ತಂಡಗಳಿಗಿಂತ ಹಿಂದೆ ಬಿದ್ದವು.

ಹಾಗಾದರೆ ಪ್ರತಿಭೆಯೇ ಎಲ್ಲವೂ ಎನ್ನೋಣವೇ? ಅಲ್ಲೂ ಒಂದು ತೊಡಕಿದೆ. 2014ರಲ್ಲಿ ಸಂಶೋಧಕ ಸ್ವಾಬ್ ಮತ್ತು ಸಂಗಡಿಗರು ಫುಟ್‌ಬಾಲ್ ಹಾಗೂ ಬಾಸ್ಕೆಟ್‌ಬಾಲ್‌ನಲ್ಲಿ ತಾರೆಯರ ಸಂಖ್ಯೆ ಒಂದು ಮಿತಿ ದಾಟಿದರೆ ತಂಡಕ್ಕೆ ನಷ್ಟವೆಂದೂ, ಒಬ್ಬೊಬ್ಬರೇ ಬ್ಯಾಟ್ ಹಿಡಿಯುವ ಬೇಸ್‌ಬಾಲ್‌ನಲ್ಲಿ ಹಾಗಿಲ್ಲವೆಂದೂ ಬರೆದರು. ನಷ್ಟವೇ ಆಗುತ್ತದೆಯೇ, ಲಾಭ ನಿಲ್ಲುತ್ತದೆ ಅಷ್ಟೆಯೇ ಎಂಬ ಬಗ್ಗೆ ಆಮೇಲೆ ತಕರಾರು ಎದ್ದಿತು. ಟಿ20 ಕ್ರಿಕೆಟ್‌ನಲ್ಲಿ ಮಾತ್ರ ಮಿತಿ ಕಣ್ಣಿಗೇ ಕಾಣುತ್ತದೆ: ಇರುವುದು 120 ಚೆಂಡು. ಮೊದಲ ಮೂವರು ಚೆನ್ನಾಗಿ ಆಡಿದ ದಿನ ಐದನೆಯವನ ಪ್ರತಿಭೆಗೆ ಚೆಂಡೇ ಸಿಗುವುದಿಲ್ಲ; ಅವರು ಬೇಗ ಔಟಾದ ದಿನ ಭಾರವೆಲ್ಲ ಅವನ ಮೇಲೆ. ಹಣವನ್ನೆಲ್ಲ ಮೇಲಿನ ಮೂವರ ಮೇಲೆ ಸುರಿದ ತಂಡ 263 ಹೊಡೆಯುತ್ತದೆ, 49ಕ್ಕೂ ಉರುಳುತ್ತದೆ. ಸರಾಸರಿ ಚೆನ್ನಾಗಿಯೇ ಇರುತ್ತದೆ, ಏರಿಳಿತ ಮಾತ್ರ ವಿಪರೀತ. 2017ರಲ್ಲಿ ಕೊಹ್ಲಿಯ ರನ್ 308ಕ್ಕೆ ಇಳಿದಾಗ ತಂಡವೇ ಕುಸಿದದ್ದಕ್ಕೆ ಇದೂ ಒಂದು ಕಾರಣ.

ಕೋಚ್‌ನ ನಿಜವಾದ ಕೆಲಸ ಎಲ್ಲಿದೆ ಎಂಬುದಕ್ಕೆ ಅದೇ ವರ್ಷದ ಇನ್ನೊಂದು ಕುಸಿತವನ್ನು ನೋಡಬೇಕು. ಅದರಲ್ಲಿ ನಮ್ಮ ಜಿಲ್ಲೆಯವರೇ ಒಬ್ಬರಿದ್ದರು, ಕಡೂರಿನ ವೇದಾ ಕೃಷ್ಣಮೂರ್ತಿ. 2017ರ ಮಹಿಳಾ ವಿಶ್ವಕಪ್‌ನಲ್ಲಿ ಜುಲೈ 15ರಂದು ನ್ಯೂಜಿಲೆಂಡ್ ಎದುರು ವೇದಾ 45 ಚೆಂಡಿಗೆ 70 ಬಾರಿಸಿದರು, ವಿಜಯಪುರದ ರಾಜೇಶ್ವರಿ ಗಾಯಕವಾಡ್ 15 ರನ್ನಿಗೆ 5 ವಿಕೆಟ್ ಕಿತ್ತರು. ಭಾರತ ಗೆದ್ದದ್ದು 186 ರನ್‌ಗಳಿಂದ. ಎಂಟು ದಿನ ಕಳೆದು ಲಾರ್ಡ್ಸ್‌ನ ಫೈನಲ್‌ನಲ್ಲಿ 229 ಬೆನ್ನಟ್ಟಿದ ಭಾರತ 3 ವಿಕೆಟ್ಟಿಗೆ 191ರಲ್ಲಿತ್ತು. ಕೊನೆಯ ಏಳು ವಿಕೆಟ್ 28 ರನ್ನಿಗೆ ಹೋದವು, ಸೋಲು 9 ರನ್‌ಗಳದ್ದು. ಆನ್ಯಾ ಶ್ರಬ್‌ಸೋಲ್ 46ಕ್ಕೆ 6 ವಿಕೆಟ್ ಪಡೆದರು. ವೇದಾ 34 ಚೆಂಡಿಗೆ 35 ಮಾಡಿ ಔಟಾಗಿದ್ದರು. ಪ್ರತಿಭೆಯೂ ಅದೇ, ಕೋಚೂ ಅವರೇ. ಬದಲಾದದ್ದು ಸಂದರ್ಭದ ಒತ್ತಡ.

ಒತ್ತಡ ಕೈಯನ್ನು ಹೇಗೆ ಕಟ್ಟುತ್ತದೆ? ಪಳಗಿದ ಆಟಗಾರ್ತಿ ಮೊಣಕೈ ಎತ್ತರವನ್ನು ಯೋಚಿಸಿ ಹೊಡೆಯುವುದಿಲ್ಲ, ಅದು ತಾನಾಗಿ ನಡೆಯುವ ಕ್ರಿಯೆ. ಸೋಲಿನ ಭಯ ಹೊಕ್ಕಾಗ ಮನಸ್ಸು ಆ ಕ್ರಿಯೆಯ ಮೇಲೇ ಕಾವಲು ಕೂರುತ್ತದೆ, ಹರಿಯುತ್ತಿದ್ದ ಕೆಲಸ ತಡವರಿಸುತ್ತದೆ. ಮನೋವಿಜ್ಞಾನಿಗಳಾದ ಸಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಗಾಲ್ಫ್ ಆಡಿಸಿ ಇದನ್ನು ಪರೀಕ್ಷಿಸಿದರು. ಅಭ್ಯಾಸದ ಹೊತ್ತಿನಲ್ಲೇ ಕ್ಯಾಮೆರಾ ಮುಂದೆ ಆಡಿ ರೂಢಿಯಾದವರು, ಒತ್ತಡ ಬಂದಾಗ ಉಳಿದವರ ಹಾಗೆ ಕುಸಿಯಲಿಲ್ಲ. ನೆಟ್‌ನಲ್ಲಿ ಗಂಟೆಗಟ್ಟಲೆ ಹೊಡೆಸುವುದರ ಜೊತೆಗೆ, ಹಾಗಾಗಿ, ‘38 ಬೇಕು, ಏಳು ವಿಕೆಟ್ ಇದೆ, ಎಲ್ಲರೂ ನೋಡುತ್ತಿದ್ದಾರೆ’ ಎಂಬ ಸ್ಥಿತಿಯನ್ನೇ ಕಟ್ಟಿ ಆಡಿಸಬೇಕು. ಯಾರು ಯಾವ ಹೊತ್ತಿಗೆ ಯಾವ ಕೆಲಸಕ್ಕೆ ಎಂಬುದನ್ನೂ ಮೊದಲೇ ಗೊತ್ತುಮಾಡಬೇಕು. ಇದು ಕೋಚ್‌ನಿಂದ ಮಾತ್ರ ಆಗುವ ಕೆಲಸ, ಕೋಚ್‌ನನ್ನು ಅಳೆಯಬೇಕಾದದ್ದೂ ಇದರಲ್ಲೇ.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಕೊನೆಗೂ ಕಪ್ ಎತ್ತಿತು. ಕೋಚ್ ಆಂಡಿ ಫ್ಲವರ್, ನಾಯಕ ರಜತ್ ಪಾಟೀದಾರ್, ಅಂತರ 6 ರನ್. ಆ ಸೀಸನ್ನಿನಲ್ಲಿ ತಂಡ ಹೊರಗಿನ ಊರುಗಳ ಏಳೂ ಲೀಗ್ ಪಂದ್ಯ ಗೆದ್ದಿತ್ತು, ಹಾಗಾಗಿ ಅದನ್ನು ಬರೀ ಅದೃಷ್ಟವೆನ್ನಲಾಗದು. ಆದರೂ 2016ರಲ್ಲಿ 8 ರನ್‌ಗಳಿಂದ ಸೋತವರು ದಡ್ಡರು, 2025ರಲ್ಲಿ 6 ರನ್‌ಗಳಿಂದ ಗೆದ್ದವರು ಜಾಣರು ಎಂದು ತೀರ್ಪು ಕೊಡಲು ಆ 14 ರನ್ ಸಾಲದು.

ಆಲ್ದೂರು, ಮೂಡಿಗೆರೆ, ಕಳಸದ ಶಾಲೆ ಕಾಲೇಜುಗಳಲ್ಲಿ ತಂಡ ಕಟ್ಟುವ ಪಿ.ಟಿ. ಮೇಷ್ಟ್ರುಗಳಿಗೂ, ಅವರ ಮೇಲೆ ಕಣ್ಣಿಟ್ಟ ಆಡಳಿತ ಮಂಡಳಿಗಳಿಗೂ ಒಂದು ಮನವಿ. ಒಂದು ಪಂದ್ಯಾವಳಿ ಸೋತ ಮಾತ್ರಕ್ಕೆ ಹುಡುಗರನ್ನಾಗಲಿ ಮೇಷ್ಟ್ರನ್ನಾಗಲಿ ಬದಲಿಸಬೇಡಿ. ಕನಿಷ್ಠ ಎರಡು ಸೀಸನ್ನಿನ ಲೆಕ್ಕ ಬರೆದಿಡಿ. ಎಷ್ಟು ಗೆದ್ದೆವು ಎಂಬುದರ ಜೊತೆಗೆ ಎಷ್ಟು ಅಂತರದಲ್ಲಿ ಸೋತೆವು, ಯಾರ ಮೇಲೆ ಎಷ್ಟು ಭಾರ ಬಿತ್ತು, ಒತ್ತಡದ ಅಭ್ಯಾಸ ಎಷ್ಟು ನಡೆಯಿತು ಎಂಬುದನ್ನೂ ಬರೆಯಿರಿ. ಆ ಲೆಕ್ಕ ನೋಡಿದ ಮೇಲೂ ಕೋಚ್‌ನದೇ ತಪ್ಪೆಂದು ಕಂಡರೆ, ಆಗ ಧಾರಾಳವಾಗಿ ಬದಲಿಸಿ.